ಕುಡಿತ ಬಿಟ್ಟ ಕಾಕಾ

ಕಾಕಾ ಚಹಾದ ಬಶಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಆದರೂ ಅದು ನಡುಗಿ, ಚಹಾ ಮೊಳಕೈವರೆಗೆ ಹರಿಯುತ್ತಿತ್ತು.

ಬೆಟಗೇರಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಒಂದು ಕಾಲಕ್ಕೆ ಒಳ್ಳೆಯ ನೇಕಾರರು. ಕುಡಿತಕ್ಕೆ ಮಗ್ಗ ಹೋಯಿತು. ಹೆಂಡತಿ ಕೊರಗಿ ತೀರಿಕೊಂಡರು. ಮುಂಡರಗಿಗೆ ಕೊಟ್ಟ ಮಗಳು ಮಾತು ಬಿಟ್ಟಳು. ಆಮೇಲೆ ಅವರು ಕುಡಿತ ಬಿಟ್ಟರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಓಣಿಯವರ ಬಾಯಲ್ಲಿ ಮಾತ್ರ ಇನ್ನೂ ಕುಡುಕನೇ.

ಪೇಟೆಗೆ ಹೋಗುವಾಗ ಸಾರಾಯಿ ಅಂಗಡಿಯ ರಸ್ತೆ ತಪ್ಪಿಸಿ, ಬಿಸಿಲಲ್ಲೂ ಸುತ್ತು ಹಾಕಿ ಹೋಗುತ್ತಿದ್ದರು. ಯಾಕೆಂದು ಕೇಳಿದೆ.

“ಚಟ ಸಾಯೂದಿಲ್ಲವ್ವಾ, ಮಲಗಿರತೈತಿ. ಅದರ ಮುಂದ ಸಪ್ಪಳ ಮಾಡಬಾರದು.”

ನನ್ನ ಗಂಡನೂ ಕುಡಿಯುತ್ತಿದ್ದ. ಒಮ್ಮೆ ಶಿರಹಟ್ಟಿಯ ಮಠಕ್ಕೆ ಹೋಗಿ ಗದ್ದುಗೆ ಮುಟ್ಟಿ ಆಣೆ ಮಾಡಿ, ಒಮ್ಮೆಲೇ ಬಿಟ್ಟ. ಎರಡು ದಿನಕ್ಕೆ ಮೈಯೆಲ್ಲ ನಡುಕ, ಬೆವರು. ಹಾಸಿಗೆ ತುಂಬ ಇರುವೆ ಎಂದು ಚೀರತೊಡಗಿದ. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಅತ್ತೆ ದೆವ್ವ ಬಡಿದಿದೆ ಎಂದು ಲಿಂಬೆಹಣ್ಣು ನಿವಾಳಿಸಲು ಕೂತರು.

ಚೀರಾಟ ಕೇಳಿ ಕಾಕಾ ಓಡಿಬಂದರು. “ಯಕ್ಕಾ, ದೆವ್ವ ಅಲ್ಲ ಇದು. ನನಗೂ ಹಿಂಗ ಆಗಿತ್ತು. ಜಲ್ದಿ ದವಾಖಾನಿಗೆ ನಡೀರಿ, ಇಲ್ಲಾಂದ್ರ ಹುಡುಗ ಕೈಗೆ ಸಿಗೂದಿಲ್ಲ!”

ವರ್ಷಗಟ್ಟಲೆ ಕುಡಿದ ಮೆದುಳು ಸಾರಾಯಿಗೆ ಹೊಂದಿಕೊಂಡಿರುತ್ತದೆ, ತಟ್ಟನೆ ನಿಲ್ಲಿಸಿದರೆ ಕೆರಳಿ ಪ್ರಾಣವೂ ಹೋಗಬಹುದು, ಬಿಡಿಸುವುದಕ್ಕೂ ಔಷಧ ಬೇಕು ಎಂದು ಡಾಕ್ಟರು ಹೇಳಿದಾಗ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಗಂಡ ಚೇತರಿಸಿಕೊಂಡ. ಕೆಲವು ತಿಂಗಳ ಮೇಲೆ ಬೆಳ್ಳಟ್ಟಿಯ ಮದುವೆಗೆ ಹೋದವನು ಮತ್ತೆ ಕುಡಿದು ಬಂದ. ನಾನು ಬಾಗಿಲು ತೆಗೆಯಲಿಲ್ಲ. ಕಾಕಾ ಅವನನ್ನು ತಮ್ಮ ಕಟ್ಟೆಯ ಮೇಲೆ ಮಲಗಿಸಿ ನನ್ನ ಬಳಿ ಬಂದರು.

“ಜ್ವರ ತಿರುಗಿ ಬಂದ್ರ ಮನುಷ್ಯಾನ್ನ ಹೊರಗ ಹಾಕ್ತೀಯೇನವ್ವಾ? ನಾ ನಾಕ ಸಲ ಬಿದ್ದು ಎದ್ದೀನಿ. ನಾಳೆ ಮತ್ತ ಕರ್ಕೊಂಡು ಹೋಗೂಣು.”

ಹೋದೆವು. ಅಂದಿನಿಂದ ಗಂಡ ಮುಟ್ಟಿಲ್ಲ.

ಆದರೆ ಕಾಕಾನ ಲಿವರು ಯಾವಾಗಲೋ ಕೆಟ್ಟಿತ್ತು. ಹೋದ ವರ್ಷ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾದವು. ಗಂಡ ಮುಂಡರಗಿಗೆ ಹೋಗಿ ಅವರ ಮಗಳನ್ನು ಕರೆದ. “ಬಿಟ್ಟೀನಿ, ಬಿಟ್ಟೀನಿ ಅಂತ ನಮ್ಮವ್ವಗ ಎಷ್ಟ ಸಲ ಹೇಳ್ಯಾನ, ನಿಮಗೇನ ಗೊತ್ರಿ” ಎಂದು ಆಕೆ ಒಳಗೆ ಹೋದಳಂತೆ.

ಆಕೆ ಬಂದದ್ದು ಕಾಕಾ ತೀರಿಕೊಂಡ ಮೇಲೆಯೇ. ಹೊರಗೆ ಯಾರೋ, “ಕುಡ್ದು ಕುಡ್ದು ಸತ್ತ ನೋಡು” ಎನ್ನುತ್ತಿದ್ದರು. ಆಕೆ ನನ್ನ ಕೈ ಹಿಡಿದಳು.

“ಖರೇ ಹೇಳವ್ವಾ. ನಮ್ಮಪ್ಪ ಬಿಟ್ಟಿದ್ನ?”

“ಬಿಟ್ಟಿದ್ರು. ನನ್ನ ಗಂಡಂದೂ ಬಿಡಿಸಿದ್ರು.”

ಆಕೆ ತಂದೆಯ ಕಾಲ ಬಳಿ ಕುಸಿದು ಕೂತಳು. ಹೆಣ ಎತ್ತುವವರೆಗೂ ಆ ಕಾಲು ಬಿಡಲಿಲ್ಲ.