ಬಂಡಿ ದಾರಿಯ ಮೇಲೆ ಬಂದ ಪಾಯಿಂಟ್

2006ರ ಬೇಸಿಗೆ. ಹೊಸಪೇಟೆಯ ಒಂದು ಸಣ್ಣ ಡಿಸೈನ್ ಕಚೇರಿಯಲ್ಲಿ ನಾನು ಸೀನಿಯರ್ ಡ್ರಾಫ್ಟ್ಸ್‌ಮನ್ ಆಗಿದ್ದೆ. ಹೆಂಗಸಾದರೂ ಹುದ್ದೆಯ ಹೆಸರು ಅದೇ. ಬದಲಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸಂಡೂರಿನ ಗುಡ್ಡ ಅಗೆಯುತ್ತಿದ್ದವರೆಲ್ಲ ರೈಲ್ವೆ ಸೈಡಿಂಗ್ ಬೇಕೆಂದು ನಮ್ಮ ಬಾಗಿಲಿಗೆ ಬರುತ್ತಿದ್ದ ಕಾಲ. ಸೈಡಿಂಗ್ ಎಂದರೆ ಅದಿರು ತುಂಬಲು ಗೂಡ್ಸ್ ಗಾಡಿ ನಿಲ್ಲಿಸುವ ಕವಲು ಹಳಿ.

ಅಂಥ ಒಬ್ಬ ಗಣಿ ಮಾಲೀಕರಿಗೆ ಸೈಡಿಂಗಿನ ಮಾದರಿಯೊಂದು ಬೇಕಾಯಿತು. ಹಳಿ ಹಾದುಹೋಗುವ ಊರಿನವರಿಗೆ ಅದನ್ನು ತೋರಿಸಿ, ‘ನಿಮ್ಮ ಬಂಡಿ ದಾರಿ ಇದ್ದಲ್ಲೇ ಇರುತ್ತದೆ, ಗೇಟು ಹಾಕಿಕೊಡುತ್ತೇವೆ’ ಎಂದು ಒಪ್ಪಿಸಬೇಕಿತ್ತು. ಆ ಊರಿನ ಹೊಲಗಳೆಲ್ಲ ಹಳಿಯ ಆಚೆಗೆ ಬೀಳುತ್ತಿದ್ದವು. ಹೊಲಕ್ಕೆ ಇದ್ದದ್ದು ಅದೊಂದೇ ದಾರಿ.

ನಮ್ಮ ಕಚೇರಿಯ ಯಜಮಾನರು ಗುರುರಾಜರಾಯರು. ಅಪ್ಪನ ಸ್ನೇಹಿತರು, ನನಗೆ ಕೆಲಸ ಕೊಟ್ಟವರು. ಆಟದ ರೈಲು ಕಟ್ಟುವವರು ಬಳಸುವ ಒಂದು ಟ್ರ್ಯಾಕ್ ಸಾಫ್ಟ್‌ವೇರನ್ನು ಎಲ್ಲಿಂದಲೋ ತಂದು ನನ್ನ ಕಂಪ್ಯೂಟರಿಗೆ ಹಾಕಿಸಿದರು. ಗೆರೆ ಎಳೆದರೆ ಸಾಕು, ಹಳಿಯನ್ನೂ ಅದರಡಿ ಅಡ್ಡ ಹಾಕುವ ದಿಮ್ಮಿಗಳನ್ನೂ, ಅಂದರೆ ಸ್ಲೀಪರ್‌ಗಳನ್ನೂ, ಅದೇ ಜೋಡಿಸುತ್ತಿತ್ತು. ಆ ನಕ್ಷೆಯನ್ನು ಹಲಗೆಗೆ ಅಂಟಿಸಿ ಅದರ ಮೇಲೆ ಮಾದರಿ ಕಟ್ಟುವುದು. ಒಂದು ಹಳಿ ಎರಡಾಗಿ ಒಡೆಯುವ ಪಾಯಿಂಟಿನಲ್ಲಿ ಮಾತ್ರ ಅದರ ಬುದ್ಧಿ ಸಾಲುತ್ತಿರಲಿಲ್ಲ. ಅಲ್ಲಿ ಸ್ಲೀಪರ್‌ಗಳು ಒಂದರ ಮೇಲೊಂದು ಏರಿ ಕೂರುತ್ತಿದ್ದವು. ಒಂದೊಂದನ್ನೇ ಮೌಸಿನಲ್ಲಿ ಹಿಡಿದು ಜರುಗಿಸಬೇಕಿತ್ತು.

ಹಾಗೆ ಜರುಗಿಸುವಾಗಲೇ ನನಗೆ ಗೊತ್ತಾಗಿದ್ದು: ಪಾಯಿಂಟಿನ ಚಲಿಸುವ ಹಳಿಗಳು ಸರಿಯಾಗಿ ಬಂಡಿ ದಾರಿಯ ಮೇಲೆಯೇ ಬರುತ್ತಿದ್ದವು. ಅತ್ತಿತ್ತ ಸರಿಯುವ ಹಳಿಯ ಮೇಲೆ ದಾರಿ ಹಾಸುವಂತಿಲ್ಲ, ಗೇಟು ಕೊಡುವಂತಿಲ್ಲ. ಪಾಯಿಂಟನ್ನೇ ಹಿಂದಕ್ಕೆ ಒಯ್ದರೆ ಸೈಡಿಂಗ್ ಗಿಡ್ಡವಾಗಿ ಇಡೀ ಗಾಡಿ ಹಿಡಿಯುವುದಿಲ್ಲ. ರಾಯರಿಗೆ ಹೇಳಿದೆ.

“ಸ್ಲೀಪರ್ ಒತ್ತೊತ್ತಾಗಿ ಜರಗಸಮ್ಮಾ, ಪಾಯಿಂಟ್ ಗಿಡ್ಡಾಗಿ ದಾರಿ ಬಿಟ್ಟಂಗ ಕಾಣ್ತದ. ಮಾಡೆಲ್ ಅದು, ಅದರ ಮ್ಯಾಲೆ ಯಾರು ಗಾಡಿ ಓಡಸ್ತಾರ?”

“ಅಲ್ಲಿ ಗೇಟು ಹಾಕಾಕ ಬರಂಗಿಲ್ಲ ಸರ್.”

“ಅದು ಆಮ್ಯಾಲಿನ ಮಾತು.”

ಕೆಂಪು ದೂಳಿಗೆ ಹೆದರಿ ಕಿಟಕಿಗಳನ್ನು ಮುಚ್ಚಿಟ್ಟ ಕೋಣೆ. ನನ್ನ ಬೆನ್ನಿಗೆ ಅವರ ಕುರ್ಚಿ. ಗಂಡ ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿ, ಮನೆ ನನ್ನ ಸಂಬಳದ ಮೇಲೇ ನಡೆಯುತ್ತಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ನನ್ನದು. ಅವರ ಮೇಲೆ ಸಿಟ್ಟು ಬರುತ್ತಿತ್ತು, ಎದ್ದು ಹೋಗಲಾರದ ನನ್ನ ಮೇಲೆ ಇನ್ನೂ ಹೆಚ್ಚು. ಸರಿಸಿದೆ. ಎಷ್ಟು ವಿಧೇಯ ಸ್ಲೀಪರ್‌ಗಳು, ಹೇಳಿದಲ್ಲಿ ಹೋಗಿ ಕುಳಿತವು.

ಊರಿನ ಶಾಲೆಯ ಕಟ್ಟೆಯ ಮೇಲೆ ಸಭೆ ಸೇರಿತು. ರೈತರು ಮೆಚ್ಚಲಿ ಎಂದು ರಾಯರು ಹಂಪಿ ಬಜಾರಿನಿಂದ ಮರದ ಆಟದ ಬಂಡಿಯೊಂದನ್ನು ತರಿಸಿ ಮಾದರಿಯ ದಾರಿಯ ಮೇಲೆ ಇಟ್ಟಿದ್ದರು. ಜನ ಮೆಚ್ಚಿದರು ಕೂಡ. ಹುಲಿಗೆಮ್ಮ ಎಂಬ ರೈತ ಹೆಂಗಸು ಮುಂದೆ ಬಂದು ಬಂಡಿಯನ್ನು ಬೆರಳಿನಿಂದ ಮೆಲ್ಲಗೆ ದೂಡಿದಳು. ಪಾಯಿಂಟಿನ ಹಳಿಗಳ ನಡುವೆ ಗಾಲಿ ಸಿಕ್ಕಿಕೊಂಡಿತು. ಮತ್ತೆ ದೂಡಿದಳು. ಅಲುಗಲಿಲ್ಲ.

ರಾಯರು ನಕ್ಕರು. “ಆಟದ ಬಂಡಿ ದೊಡ್ಡದಾತವ್ವಾ. ಅಳತಿ ತಪ್ಪೇದ, ಅಷ್ಟ.”

ಅದೂ ಸುಳ್ಳಲ್ಲ; ಆ ಬಂಡಿ ನಮ್ಮ ಮಾದರಿಯ ರೈಲು ಎಂಜಿನ್ನಿಗಿಂತ ದಪ್ಪವಿತ್ತು. ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಹುಲಿಗೆಮ್ಮ ಅವರ ಕಡೆ ನೋಡದೆ ನನ್ನ ಕಡೆ ತಿರುಗಿದಳು.

“ನೀ ಹೇಳವ್ವಾ. ಖರೇ ಬಂಡಿ ದಾಟತೈತೇನು?”

“ಇಲ್ಲಮ್ಮಾ. ಅಲ್ಲಿ ಗೇಟು ಹಾಕಾಕ ಬರಂಗಿಲ್ಲ. ಪಾಯಿಂಟ್ ಹಿಂದಕ್ಕ ಹೋದ್ರ ಮಾತ್ರ ನಿಮ್ಮ ದಾರಿ ಉಳಿತೈತಿ.”

ಸಭೆ ಅಲ್ಲಿಗೆ ಮುಗಿಯಿತು. ವಾಪಸು ಬರಲು ಇದ್ದದ್ದು ರಾಯರ ಕಾರೊಂದೇ. ಹೊಸಪೇಟೆ ರಸ್ತೆಯಲ್ಲಿ ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ಎಲ್ಲ ನಿಂತುಬಿಟ್ಟಿದ್ದವು. ಗಾಜು ಏರಿಸಿಕೊಂಡು ಕುಳಿತಿದ್ದಾಗ ಅವರು ಮುಂದೆ ನೋಡುತ್ತಲೇ ಹೇಳಿದರು: “ನಾಳಿಂದ ಬರಬ್ಯಾಡ.” ಆಯಿತು ಎಂದೆ. ಕೆಲಸ ಬಿಡಿಸಿದವರೂ ಬಿಟ್ಟವಳೂ ಒಂದೇ ಸೀಟಿನಲ್ಲಿ, ಇಳಿದು ಹೋಗೋಣವೆಂದರೆ ಬಸ್ಸುಗಳೂ ನಿಂತೇ ಇದ್ದವು. ಕತ್ತಲಾಗುವ ಹೊತ್ತಿಗೆ ರಾಯರು ರಸ್ತೆ ಬದಿಯ ತಳ್ಳುಗಾಡಿಯವನಿಂದ ಮಂಡಕ್ಕಿ ಮಿರ್ಚಿ ಕೊಂಡು, ಅರ್ಧ ಪೊಟ್ಟಣ ನನ್ನ ಕಡೆ ಸರಿಸಿದರು. ಹಸಿವಿಗೆ ಮಾನವೆಲ್ಲಿ? ತಿಂದೆ.

ಪಾಯಿಂಟ್ ಸರಿಸದೆ ಊರು ಒಪ್ಪಲಿಲ್ಲ. ಸೈಡಿಂಗ್ ಗಿಡ್ಡವಾದರೂ ಗೂಡ್ಸ್ ಗಾಡಿಯನ್ನು ಎರಡು ತುಂಡು ಮಾಡಿ ತುಂಬಿಸಿಕೊಳ್ಳುವುದಕ್ಕೆ ಮಾಲೀಕರು ಕೊನೆಗೆ ತಲೆಯಾಡಿಸಿದರು. ನಾನಾಗಲೇ ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಯಂತ್ರಗಳ ಡ್ರಾಯಿಂಗ್ ಮಾಡುವ ಕೆಲಸಕ್ಕೆ ಸೇರಿದ್ದೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಒಂದು ಮಧ್ಯಾಹ್ನ ರಾಯರ ಫೋನ್ ಬಂತು.

“ಪಾಯಿಂಟ್ ಹಿಂದಕ್ಕ ತಂದೀನಿ. ಈ ಸ್ಲೀಪರ್ ಮತ್ತ ಮ್ಯಾಲೆ ಮ್ಯಾಲೆ ಏರಿ ಕುಂದರ್ತಾವಲ್ಲ, ಹೆಂಗ ಜರಗಸ್ಲಮ್ಮಾ?”

ಫೋನಿನಲ್ಲೇ ಹೇಳಿಕೊಟ್ಟೆ. ಬಾ ಎಂದು ಅವರು ಕರೆಯಲಿಲ್ಲ, ಬರುತ್ತೇನೆಂದು ನಾನೂ ಹೇಳಲಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ನಕ್ಷೆಯಲ್ಲಿ ಏನನ್ನಾದರೂ ಜರುಗಿಸುವ ಮೊದಲು, ನೆಲದ ಮೇಲೆ ಅಲ್ಲಿ ದಾಟುವವರು ಯಾರು ಎಂದು ಕೇಳಿಕೊಳ್ಳಬೇಕು. ಕೇಳಿದ ಮೇಲೆ ಸುಮ್ಮನಿರುವುದು ಕಷ್ಟ, ಅದಕ್ಕೇ ಬಹಳ ಜನ ಕೇಳುವುದಿಲ್ಲ.