ಕೆಂಪು ಕಾರು, ಅತ್ತೆಯ ಕಾಲು

“ಕೊಂಡ ಬೆಲೆಗಿಂತ ಒಂದು ಕಾಸು ಕಡಿಮೆಗೆ ಈ ಕೈ ಯಾವತ್ತೂ ಗಾಡಿ ಮಾರಿಲ್ಲ, ಮುಂದೆ ಮಾರೋದೂ ಇಲ್ಲ. ಮಾರಿದ ದಿನ ಈ ಮೀಸೆ ಈ ಮುಖದ ಮೇಲಿದ್ರೆ ಕೇಳಿ!”

ಹಳೇ ಕಾರುಗಳ ವ್ಯಾಪಾರಿ ಟರ್ಬೊ ಹೀಗೆಂದು ಮೇಜಿಗೊಂದು ಗುದ್ದು ಕೊಟ್ಟರೆ, ಮೇಲಿದ್ದ ಕಾಫಿ ಲೋಟ ಹಾರಿ, ಎದುರಂಗಡಿಯಲ್ಲಿ ಏನು ನಡೆಯುತ್ತಿದೆ ಎಂದು ಇಣುಕಿ ನೋಡಿ, ಮತ್ತೆ ಬಂದು ತನ್ನ ಜಾಗದಲ್ಲೇ ಕೂರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಅವನಿಗೂ ನೆನಪಿಲ್ಲ. ಗೇರು ಬೀಳುವ ಮೊದಲೇ ಬಾಯಿ ನೂರರ ವೇಗದಲ್ಲಿ ಹೊರಡುತ್ತಿದ್ದುದರಿಂದ ಬೀದಿಯವರು ಟರ್ಬೊ ಎಂದರು, ಅದೇ ಉಳಿಯಿತು. ಮೀಸೆ ಕಾರಿನ ವೈಪರಿನಂತೆ ಎರಡೂ ಕಡೆ ಚಾಚಿಕೊಂಡಿತ್ತು. ಸುಳ್ಳು ಹೇಳುವಾಗ ಅತ್ತಿತ್ತ ಆಡುತ್ತಿತ್ತು. ಅದಕ್ಕೆ ಬಿಡುವು ಸಿಗುತ್ತಿದ್ದದ್ದು ಅವನ ನಿದ್ದೆಯಲ್ಲಿ ಮಾತ್ರ.

ಮೇಲೆ ಮನೆ, ಕೆಳಗೆ ಅಂಗಡಿ. ಅಂಗಡಿ ಅಂದರೆ ಬೀದಿಗೆ ಮುಖ ಮಾಡಿದ ಒಂದೇ ಕೋಣೆ. ಗಾಜಿನ ಬಾಗಿಲು, ಮುಖ ಕಾಣುವಂಥ ನೆಲ, ಮೂಲೆಯಲ್ಲೊಂದು ಮೇಜು, ನಮ್ಮಂಥ ಕೆಲಸವಿಲ್ಲದ ಮುದುಕರು ಕೂತು ಪುಕ್ಕಟೆ ಪೇಪರ್ ಓದಲು ಎರಡು ಕುರ್ಚಿ. ಸಾಧಾರಣ ಕಾರುಗಳು ಬಿಸಿಲಲ್ಲಿ ಬೀದಿ ಬದಿಗೆ ನಿಲ್ಲುತ್ತಿದ್ದವು. ಕೋಣೆಯೊಳಗೆ ಬರುವ ಯೋಗ್ಯತೆ ಇದ್ದದ್ದು ಸ್ಪೋರ್ಟ್ಸ್ ಕಾರಿಗೆ ಮಾತ್ರ.

ಕಾಲವೂ ಹಾಗಿತ್ತು. ಬೋನಸ್ಸು ಬಂದವರಿಗೆಲ್ಲ ಮೊಣಕಾಲಿಗಿಂತ ಕೆಳಗಿರುವ ಕಾರೇ ಬೇಕು. ಒಳಗೆ ಕೂರಲು ಒಬ್ಬ, ಅವನನ್ನು ಎಳೆದು ಹೊರತೆಗೆಯಲು ಇಬ್ಬರು. ರಸ್ತೆಯಲ್ಲಿ ಹಂಪು ಕಂಡರೆ ಪಕ್ಕದ ಊರು ಸುತ್ತಿ ಬರಬೇಕು. ಆದರೂ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಸುಗ್ಗಿಯ ತುತ್ತತುದಿಯಲ್ಲಿ ಟರ್ಬೊ ಒಬ್ಬ ಕಟ್ಟಡ ಗುತ್ತಿಗೆದಾರನಿಂದ ಎರಡೇ ಸೀಟಿನ ಒಂದು ಕೆಂಪು ಕಾರು ಕೊಂಡ. ಕೈಯಲ್ಲಿದ್ದದ್ದೆಲ್ಲ ಅದಕ್ಕೇ ಸುರಿದ. ಅಂಥ ಕಾರನ್ನು ಯಾಕೆ ಕೊಡುತ್ತಿದ್ದೀಯ ಎಂದು ಕೇಳಿದ್ದಕ್ಕೆ ಗುತ್ತಿಗೆದಾರ, “ಡಾಕ್ಟ್ರು ಸೈಕಲ್ ಹೊಡಿ ಅಂದಿದಾರೆ” ಎಂದನಂತೆ. ಟರ್ಬೊ ಅದನ್ನು ನಂಬಿ ಅವನ ಆರೋಗ್ಯಕ್ಕಾಗಿ ಮರುಗಿದ.

ಕಾರಿನ ಟೈರು ಇನ್ನೂ ತಣ್ಣಗಾಗಿರಲಿಲ್ಲ, ಪೇಪರಿನವರು ಆರ್ಥಿಕ ಹಿಂಜರಿತ ಎಂದು ದಪ್ಪಕ್ಷರದಲ್ಲಿ ಬರೆದರು. ನಮ್ಮ ಬೀದಿಗೆ ಅಷ್ಟುದ್ದದ ಮಾತು ಬೇಕಾಗಲಿಲ್ಲ, “ಬಿದ್ದೋಯ್ತು” ಅಂದರೆ ಸಾಕಾಯಿತು. ಕೆಲಸ ಹೋದವರು, ಹೋಗಬಹುದೆಂದು ಹೆದರಿದವರು, ಪಕ್ಕದ ಮನೆಯವನ ಕೆಲಸ ಹೋದದ್ದಕ್ಕೇ ಹೆದರಿದವರು, ಎಲ್ಲರೂ ಕಾರು ಮಾರಲು ಬಂದರು. ಕೊಳ್ಳುವವನಿಲ್ಲ. ಸ್ಪೋರ್ಟ್ಸ್ ಕಾರಿನ ಬೆಲೆ ಎಷ್ಟು ಜೋರಾಗಿ ಇಳಿಯಿತೆಂದರೆ, ಆ ಕಾರುಗಳು ರಸ್ತೆಯ ಮೇಲೆ ಕೂಡ ಅಷ್ಟು ಜೋರಾಗಿ ಓಡಿರಲಿಲ್ಲ. ಕಾಫಿಗೆ ಸಕ್ಕರೆ ಹಾಕುವಾಗ ಒಂದು ಬೆಲೆ, ಕಲಕಿ ಮುಗಿಸುವಷ್ಟರಲ್ಲಿ ಇನ್ನೊಂದು.

ಟರ್ಬೊ ಜಗ್ಗಲಿಲ್ಲ. ಕೆಂಪು ಕಾರನ್ನು ಕೋಣೆಯ ನಟ್ಟನಡುವೆ ನಿಲ್ಲಿಸಿ, ಬೆಳಗ್ಗೆ ಸಂಜೆ ಒರೆಸಿ, ಮೇಲೆ ಮನೆಯ ಹೊದಿಕೆಯನ್ನೇ ಹೊದಿಸುತ್ತಿದ್ದ. ಮಹಡಿಯ ಮನೆಯಲ್ಲಿ ಅವನು ಚಳಿಗೆ ಮುದುಡಿ ಮಲಗುತ್ತಿದ್ದ. ಮನೆ ನಡೆಯುತ್ತಿದ್ದದ್ದು ಹೆಂಡತಿಯಿಂದ. ಆಕೆ ಶಾಲೆ ಮಕ್ಕಳ ವ್ಯಾನು ಓಡಿಸುತ್ತಿದ್ದಳು. ಆ ವ್ಯಾನಿಗೆ ಬಣ್ಣವಿರಲಿಲ್ಲ, ಒಂದು ಬಾಗಿಲಿಗೆ ಹಗ್ಗ ಕಟ್ಟಿತ್ತು. ಅದರ ಬೆಲೆ ಬೀಳುವ ಭಯವೂ ಇರಲಿಲ್ಲ, ಬೀಳಲು ಏನೂ ಉಳಿದಿರಲಿಲ್ಲವಲ್ಲ.

ಹೀಗಿರುವಾಗ ಟರ್ಬೊನ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಆಕೆ ಒಬ್ಬರೇ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ತುದಿಯಲ್ಲಿ. ಮಗಳ ಮನೆಯೂ ಮೆಟ್ಟಿಲ ಮೇಲೆ. ನೆಲಕ್ಕಿದ್ದ ಕೋಣೆ ಒಂದೇ, ಅದರಲ್ಲಿ ಕೆಂಪು ಕಾರು ಕಾಲು ಚಾಚಿ ಮಲಗಿತ್ತು.

ಹೆಂಡತಿ ಜಗಳವಾಡಲಿಲ್ಲ. ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದಳು:

“ಅಮ್ಮನ್ನ ಆಸ್ಪತ್ರೆಯಿಂದ ಕಳಿಸೋ ಹೊತ್ತಿಗೆ ಈ ಕೋಣೆ ಖಾಲಿ ಇರ್ಬೇಕು.”

“ಬೀದಿಗೆ ಹಾಕಿದ್ರೆ ಬಣ್ಣ ಹೋಗುತ್ತೆ ಕಣೆ!”

“ಬೀದಿಗೆ ಹಾಕಿ ಅಂತ ನಾನೆಲ್ಲಂದೆ? ಮಾರಿ ಅಂದೆ. ಕಾರು ಇಲ್ಲೇ ಇದ್ರೆ ನಾನೂ ಅಮ್ಮನೂ ವ್ಯಾನಲ್ಲಿ ಇರ್ತೀವಿ. ನೀವು ಇದರ ಜೊತೆ ಸಂಸಾರ ಮಾಡ್ಕೊಂಡಿರಿ.”

ಈಗ ಎದುರಂಗಡಿಯ ವಿಷಯ ಹೇಳಬೇಕು. ಅಲ್ಲಿದ್ದವನೂ ಹಳೇ ಕಾರಿನ ವ್ಯಾಪಾರಿಯೇ, ಹೆಸರು ಪಾಲಿಷ್. ತುಕ್ಕು ಹಿಡಿದ ಬಕೆಟ್ಟನ್ನೂ ಉಜ್ಜಿ ಉಜ್ಜಿ ಹೊಸ ಕಾರೆಂದು ಮಾರುವಂಥವನು. ಅವನ ಹತ್ತಿರವೂ ಅದೇ ಕಂಪನಿಯ, ಅದೇ ಮಾದರಿಯ ಕಾರು ಕೂತಿತ್ತು. ಬಣ್ಣ ಮಾತ್ರ ಹಳದಿ. ಈ ಬೀದಿಯ ವ್ಯಾಪಾರಿಗಳಲ್ಲಿ ಒಂದು ಹಳೇ ವರಸೆ ಇದೆ, ಅದಕ್ಕೆ ಗಾಳಿ ಹೊಡೆಯೋದು ಅಂತಾರೆ. ನಮ್ಮವನೊಬ್ಬನನ್ನು ಡಮ್ಮಿ ಗಿರಾಕಿ ಮಾಡಿ ಎದುರಾಳಿಯ ಅಂಗಡಿಗೆ ಕಳಿಸಬೇಕು. ಅವನು ಹೋಗಿ ಗಾಡಿಯನ್ನು ಹೊಗಳಿ, ದೊಡ್ಡ ಬೆಲೆ ಹೇಳಿ, ನಾಳೆ ಬರ್ತೀನಿ ಎಂದು ಕಾಣೆಯಾಗಬೇಕು. ಎದುರಾಳಿ ಉಬ್ಬಿ ತನ್ನ ಬೆಲೆ ಏರಿಸಿಕೊಂಡು ಕೂತಾಗ, ನಿಜವಾದ ಗಿರಾಕಿ ನಮ್ಮಲ್ಲಿಗೆ ಬರುತ್ತಾನೆ. ಇನ್ನೊಂದು ನಿಯಮವೂ ಉಂಟು. ವ್ಯಾಪಾರಿ ಬೀದಿಗೆ ಕೇಳುವಂತೆ ಬಾಯಲ್ಲಿ ಬೆಲೆ ಹೇಳಿದರೆ ಮುಗಿಯಿತು, ಆ ಮಾತು ಹಿಂದೆ ತೆಗೆದುಕೊಂಡವನ ಜೊತೆ ಮತ್ಯಾರೂ ವ್ಯವಹಾರ ಮಾಡುವುದಿಲ್ಲ.

ಟರ್ಬೊ ತನ್ನ ಬಾಮೈದನನ್ನು ಕಳಿಸಿದ. ಮದುವೆ ಫೋಟೊ ತೆಗೆಯುವವನು, ಗೆಳೆಯರ ರೂಮಲ್ಲಿ ಬಿದ್ದುಕೊಂಡಿದ್ದವನು, ಹಿಂಜರಿತದಲ್ಲಿ ಜನ ಮದುವೆಯನ್ನೂ ಮುಂದಕ್ಕೆ ಹಾಕಿದ್ದರಿಂದ ಖಾಲಿ ಕೂತಿದ್ದ. ಕೋಟು ಹಾಕಿಕೊಂಡು ಹೋಗಿ, ಹಳದಿ ಕಾರಿಗೆ ಕಣ್ಣು ಕುಕ್ಕುವ ಬೆಲೆ ಹೇಳಿ ಬಂದ.

“ಭಾವ, ಪಾಲಿಷ್ ಮುಖ ನೋಡ್ಬೇಕಿತ್ತು! ನನಗೆ ಕಾಫಿ ತರಿಸ್ದ, ಕೇಕ್ ತರಿಸ್ದ. ನಾಳೆ ಬೆಲೆ ಏರಿಸ್ತಾನೆ ನೋಡ್ತಿರಿ.”

ಪಾಲಿಷ್ ಬೆಲೆ ಏರಿಸಿದ. ಅದೇ ವಾರ ಕಪ್ಪು ಕನ್ನಡಕದ ಒಬ್ಬ ಮಹಾಶಯ ಟರ್ಬೊನ ಅಂಗಡಿಗೆ ಬಂದು, ಕೆಂಪು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಕೊಂಡ ಬೆಲೆಯ ಮೇಲೆ ಮತ್ತೆ ಕಾಲು ಭಾಗ ಸೇರಿಸಿ ಹೇಳಿ, ನಾಳೆ ಬರ್ತೀನಿ ಎಂದು ಹೋದ. ಅವನ ಕೈಯಿಂದ ಪಾಲಿಷ್ ಡಬ್ಬಿಯ ವಾಸನೆ ಬೀದಿಯ ತುದಿಗೆ ಹೊಡೆಯುತ್ತಿತ್ತು. ಅವನು ಪಾಲಿಷ್‌ನ ಷಡ್ಡಕ ಎಂಬುದು ನಮಗೆಲ್ಲ ಗೊತ್ತು. ಗಾಳಿ ಹೊಡೆಯುವುದರಲ್ಲೇ ಕೂದಲು ಹಣ್ಣಾದ ಟರ್ಬೊನಿಗೆ ಮಾತ್ರ, ತನ್ನ ಕಾರನ್ನು ಹೊಗಳಿದವನು ಡಮ್ಮಿ ಎಂದು ಹೊಳೆಯಲೇ ಇಲ್ಲ. “ನೋಡಿದ್ರಾ, ಡಿಮ್ಯಾಂಡು ತಿರುಗಿ ಬಂತು” ಎಂದು ಬೆಲೆಯನ್ನು ಇನ್ನೂ ಮೇಲೆ ಹಾಕಿದ. ಬೇರೆ ಬೀದಿಗಳಲ್ಲಿ ಬೆಲೆ ಪಾತಾಳಕ್ಕೆ ಇಳಿಯುತ್ತಿದ್ದರೆ, ನಮ್ಮ ಬೀದಿಯಲ್ಲಿ ಬಾಮೈದನೂ ಷಡ್ಡಕನೂ ಸೇರಿ ಅದನ್ನು ಮೋಡಕ್ಕೆ ಮುಟ್ಟಿಸಿದರು. ಹಕ್ಕಿಗಳು ಬಗ್ಗಿ ಹಾರಬೇಕಾಯಿತು.

“ಅಷ್ಟೊಂದು ಡಿಮ್ಯಾಂಡಿದ್ರೆ ಆ ಕನ್ನಡಕದವನು ಎಲ್ಲಿ?” ಎಂದಳು ಹೆಂಡತಿ.

“ಬರ್ತಾನೆ ಕಣೆ. ದೊಡ್ಡ ಮನುಷ್ಯರು ನಿಧಾನ.”

ಬಂದದ್ದು ಬೇರೆಯವರು. ನಿವೃತ್ತಿಯಾದ ಒಬ್ಬ ಹೆಡ್‌ಮಿಸ್ಟ್ರೆಸ್. ಕೈಯಲ್ಲಿ ಕೊಡೆ, ಹೆಗಲಲ್ಲಿ ಚೀಲ. ಗಾಜಿನ ಬಾಗಿಲು ತಳ್ಳಿ ಒಳಗೆ ಬಂದ ರಭಸಕ್ಕೆ ನಾವಿಬ್ಬರು ಮುದುಕರು ಅರಿವಿಲ್ಲದೆ ಎದ್ದು ನಿಂತೆವು.

“ಇದು ಓಡುತ್ತಾ?”

“ಓಡುತ್ತಾ ಅಂತೀರಾ? ಹಾರುತ್ತೆ ಮೇಡಂ!”

“ಹಾರೋದೇನೂ ಬೇಡ. ನೀವು ಕೊಂಡಿದ್ದು ಎಷ್ಟಕ್ಕೆ? ನಿಜ ಹೇಳಿ.”

ಆ ದನಿಗೆ ಟರ್ಬೊ ವ್ಯಾಪಾರಕ್ಕಿಳಿದ ಮೇಲೆ ಮೊದಲ ಬಾರಿಗೆ ನಿಜ ಹೇಳಿಬಿಟ್ಟ. ಮೀಸೆ ಅಲ್ಲಾಡಲಿಲ್ಲ.

“ಸರಿ, ಅಷ್ಟು ಕೊಡ್ತೀನಿ. ನಿಮ್ಮ ಲಾಭಕ್ಕೂ ಸ್ವಲ್ಪ ಇಟ್ಕೊಳ್ಳಿ. ಜೀವಮಾನ ಎಲ್ಲ ಬಸ್ಸಲ್ಲಿ ನಿಂತ್ಕೊಂಡೇ ಓಡಾಡಿದೀನಿ. ಇನ್ನು ಕೂತ್ರೆ ಇಂಥದ್ರಲ್ಲೇ ಕೂರೋದು.”

ಟರ್ಬೊ ಹುಬ್ಬೇರಿಸಿದ. ಟೈರು ಒದೆಯಲಿಲ್ಲ, ಬಾನೆಟ್ಟು ಎತ್ತಿಸಲಿಲ್ಲ, ಚೌಕಾಸಿ ಇಲ್ಲವೇ ಇಲ್ಲ! ಇಂಥ ಕಾಲದಲ್ಲಿ ಪೂರಾ ಬೆಲೆ ಕೊಡುವವರು ಯಾರಿರುತ್ತಾರೆ? ನಮ್ಮ ಕಡೆ ಕಣ್ಣು ಹೊಡೆದು ಆಕೆಯತ್ತ ತಿರುಗಿದ.

“ಮೇಡಂ, ಪಾಲಿಷ್ ನಿಮಗೆ ಎಷ್ಟು ಕೊಟ್ಟ?”

“ಯಾವ ಪಾಲಿಷ್?”

“ಅಯ್ಯೋ ಪಾಪ, ಏನೂ ಗೊತ್ತೇ ಇಲ್ಲ! ಆಕ್ಟಿಂಗ್ ಭಾರಿ ಚೆನ್ನಾಗಿದೆ, ಕೊಡೆ ಅಂತೂ ಇನ್ನೂ ಚೆನ್ನಾಗಿದೆ. ಹೋಗಿ ಹೇಳಿ ಅವನಿಗೆ, ಟರ್ಬೊ ಅಷ್ಟು ದಡ್ಡ ಅಲ್ಲ ಅಂತ.”

“ನಿಮ್ಮಂಥೋರನ್ನ ನಾನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ” ಎಂದು ಆಕೆ ಹೊರನಡೆದು, ಕೊಡೆಯೆತ್ತಿ ವಾಹನಗಳನ್ನೆಲ್ಲ ನಿಲ್ಲಿಸಿ, ರಸ್ತೆ ದಾಟಿ ಎದುರಂಗಡಿಗೆ ಹೋದರು.

“ನೋಡಿದ್ರಾ? ಸೀದಾ ಯಜಮಾನನ ಹತ್ರಾನೇ ಹೋದ್ಲು!” ಎಂದು ಟರ್ಬೊ ತೊಡೆ ತಟ್ಟಿದ.

ಅಲ್ಲಿ ಪಾಲಿಷ್ ಬಾಗಿಲಲ್ಲೇ ನಿಂತಿದ್ದ. ಟರ್ಬೊನ ಅಂಗಡಿಯಿಂದ ಬಂದ ಹೆಂಗಸು ಟರ್ಬೊನ ಡಮ್ಮಿಯಲ್ಲದೆ ಇನ್ನೇನು? ಆಕೆಯ ಬಣ್ಣ ಬಯಲು ಮಾಡಲು, ನಮಗೂ ಕೇಳಲೆಂದು ಗಂಟಲು ಹರಿದುಕೊಂಡು ಕೂಗಿದ:

“ಬನ್ನಿ ಮೇಡಂ ಬನ್ನಿ! ನಿಮಗೆ ಅಂತ ನಾನು ಕೊಂಡಿದ್ದರ ಅರ್ಧ ಬೆಲೆ! ಈಗಲೇ ಕೊಡ್ಬೇಕು, ಈಗಲೇ ಓಡಿಸ್ಕೊಂಡು ಹೋಗ್ಬೇಕು. ಇದೆಯಾ ಧೈರ್ಯ?”

ಹೆಡ್‌ಮಿಸ್ಟ್ರೆಸ್ ಕನ್ನಡಕ ಏರಿಸಿ, ಚೀಲದಿಂದ ಮೊಬೈಲು ತೆಗೆದು, ನಿಧಾನವಾಗಿ ಬೆರಳಾಡಿಸಿದರು. ಪಾಲಿಷ್‌ನ ಜೇಬಿನಲ್ಲಿ ಟಿಣ್ ಎಂದಿತು. ಅವನ ಮುಖದ ಹೊಳಪು ಹೋದದ್ದು ಆವತ್ತು, ಯಾವ ಡಬ್ಬಿಯೂ ಅದನ್ನು ತಿರುಗಿ ತರಲಿಲ್ಲ. ಬೀದಿಯೆಲ್ಲ ಕೇಳಿಸಿಕೊಂಡಿತ್ತು, ಮಾತು ನುಂಗುವಂತಿಲ್ಲ. ಕಿಟಕಿಯಿಂದ ಕೊಡೆ ಹೊರಚಾಚಿಕೊಂಡ ಹಳದಿ ಕಾರು ಮೊದಲನೇ ಗೇರಿನಲ್ಲೇ ಕಿರುಚುತ್ತಾ ಬೀದಿ ದಾಟಿತು.

ಟರ್ಬೊ ನಕ್ಕ ನಗುವಿಗೆ ಗಾಜಿನ ಬಾಗಿಲು ತಾನಾಗಿ ತೆರೆದು ಮುಚ್ಚಿತು. ಆಮೇಲೆ ನಗು ಅರ್ಧಕ್ಕೆ ನಿಂತಿತು. ನಿಜವಾದ ಗಿರಾಕಿಯನ್ನೇ ತಾನು ಓಡಿಸಿದ್ದು, ಅಂಥದೇ ಕಾರಿಗೆ ಈ ಬೀದಿಯ ಬೆಲೆ ಇನ್ನು ಅರ್ಧವೇ ಎಂಬುದು, ಎರಡೂ ಒಟ್ಟಿಗೆ ತಲೆಗೆ ಹತ್ತಿದವು. ಅವನು ಕೆಂಪು ಕಾರಿನೊಳಗೆ ಹೋಗಿ ಕೂತ. ನಾವಿಬ್ಬರು ಎಳೆದರೂ ಹೊರಗೆ ಬರಲಿಲ್ಲ.

ಅತ್ತೆ ಆಸ್ಪತ್ರೆಯಿಂದ ಹೊರಟ ದಿನವೂ ಕಾರು ಅಲ್ಲೇ ಇತ್ತು. ಮಂಚ ಹೊತ್ತು ತಂದ ಬಾಮೈದ ಅದನ್ನು ಫುಟ್‌ಪಾತಿನ ಮೇಲೆ ಇಳಿಸಿ, ತಾನೇ ಅದರ ಮೇಲೆ ಕೂತಿದ್ದ. ವ್ಯಾನು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ, ಮಕ್ಕಳ ಚೀಲಗಳ ನಡುವೆ, ಅತ್ತೆ ಕಾಲನ್ನು ಫಿರಂಗಿಯಂತೆ ಬಾಗಿಲ ಕಡೆಗೆ ಗುರಿಯಿಟ್ಟು ಕೂತಿದ್ದರು. ಹೆಂಡತಿ ಗಾಜಿನ ಒಳಗೆ ನೋಡಿದಳು. ಮತ್ತೆ ವ್ಯಾನಿನ ಸ್ಟಿಯರಿಂಗ್ ಹಿಡಿದಳು.

“ಒಂದೇ ಒಂದು ವಾರ ಕಣೆ...”

“ಅಮ್ಮಾ, ಸರಿಯಾಗಿ ಒರಗಿಕೋ. ಇನ್ಮೇಲೆ ಇದೇ ನಮ್ಮನೆ.”

ಅಷ್ಟರಲ್ಲಿ ಹಳದಿ ಕಾರು ಬಂದು ವ್ಯಾನಿನ ಬಾಲಕ್ಕೆ ಅಂಟಿ ನಿಂತಿತು. ಮೊದಲು ಕೊಡೆ ಇಳಿಯಿತು, ಆಮೇಲೆ ಹೆಡ್‌ಮಿಸ್ಟ್ರೆಸ್, ಅವರ ಹಿಂದೆ ಅಚ್ಚು ಅವರಂಥವರೇ ಇನ್ನೊಬ್ಬರು.

“ಇವಳು ನನ್ನ ತಂಗಿ. ಇವಳೂ ಟೀಚರ್ ಆಗಿದ್ದವಳೇ. ದಿನಾ ಬೆಳಗಾದ್ರೆ ನನ್ನ ಕಾರಿನ ಕೀಲಿ ಕದೀತಾಳೆ. ಇವಳಿಗೊಂದು ಬೇಕು. ಎದುರಂಗಡಿ ಬೆಲೆಗೇ ಕೊಡಿ.”

“ಎದುರಂಗಡಿ ಬೆಲೆ? ಆಗಲ್ಲ ಮೇಡಂ! ಆವತ್ತು ನೀವು ಹೇಳಿದ್ದು ಕೊಟ್ಬಿಡಿ, ಮೇಲಿನ ಲಾಭವೂ ಬೇಡ.”

“ಆವತ್ತು ನಾನು ಪಾಲಿಷ್ ಕಳಿಸಿದವಳು. ಇವತ್ತು ನಾನಾಗೇ ಬಂದಿದೀನಿ. ಅರ್ಧ.”

ಟರ್ಬೊ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟ. ವ್ಯಾನಿನ ಎಂಜಿನ್ನು ಗುರುಗುಟ್ಟಿತು. ಹಗ್ಗ ಕಟ್ಟಿದ ಬಾಗಿಲ ಸಂದಿಯಿಂದ ಅತ್ತೆಯ ದನಿ ಬಂತು:

“ಅಳಿಯಂದಿರೇ, ನನ್ನ ಕಾಲಿಗೆ ಪ್ಲೇಟು ಹಾಕಿದ ಡಾಕ್ಟ್ರು ಒಳ್ಳೆಯವರು. ನಿಮ್ಮ ಬಾಯಿಗೂ ಒಂದು ಹಾಕಿಸ್ಲಾ?”

ಟರ್ಬೊನ ಬಾಯಿ ಮೊದಲ ಸಲ ನ್ಯೂಟ್ರಲ್ಲಿಗೆ ಬಂತು. ಕೆಂಪು ಕಾರನ್ನು ನೋಡಿದ, ಫುಟ್‌ಪಾತಿನ ಮಂಚವನ್ನು ನೋಡಿದ, ಸ್ಟಿಯರಿಂಗ್ ಹಿಂದೆ ಮುಖ ತಿರುಗಿಸಿ ಕೂತವಳನ್ನು ನೋಡಿದ. ಜೇಬಿಗೆ ಕೈ ಹಾಕಿ ಕೀಲಿ ತೆಗೆದು ಹೆಡ್‌ಮಿಸ್ಟ್ರೆಸ್ ತಂಗಿಯ ಅಂಗೈಯಲ್ಲಿ ಇಟ್ಟ. ಹೆಂಡತಿ ವ್ಯಾನಿನ ಎಂಜಿನ್ನು ಆಫ್ ಮಾಡಿದಳು.

ಸಂಜೆ ಹೊತ್ತಿಗೆ ಅತ್ತೆ ಕೋಣೆಯ ನಟ್ಟನಡುವೆ, ಮಂಚದ ಮೇಲೆ, ಕಾರಿಗೆ ಹೊದಿಸುತ್ತಿದ್ದ ಹೊದಿಕೆಯನ್ನೇ ಹೊದ್ದು, ಗಾಜಿನಾಚೆ ಬೀದಿಯ ಕಡೆ ಮುಖ ಮಾಡಿ ಒರಗಿದ್ದರು. ಹಾದು ಹೋಗುವವರು ನಿಂತು ನೋಡುತ್ತಿದ್ದರು. ಅತ್ತೆಯೂ ಅವರನ್ನು ನೋಡುತ್ತಿದ್ದರು, ಒಬ್ಬೊಬ್ಬರ ನಡಿಗೆಗೂ ಒಂದೊಂದು ಹೆಸರಿಡುತ್ತಿದ್ದರು. ಟರ್ಬೊ ಮಹಡಿ ಮೆಟ್ಟಿಲ ಮೇಲೆ ಕೂತು ಅವರ ಕಾಫಿ ಆರಿಸುತ್ತಿದ್ದ. ನನಗೆ ಬಾಯಿ ತಡೆಯಲಾಗಲಿಲ್ಲ.

“ಏನಯ್ಯಾ ಟರ್ಬೊ, ಕ್ಷೌರದಂಗಡಿಗೆ ಹೇಳಿ ಕಳಿಸ್ಲಾ? ಮೀಸೆ ಯಾವಾಗ ತೆಗೀತೀಯ?”

ಟರ್ಬೊ ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದರಲ್ಲಿ ಮೀಸೆ ತೀಡಿದ.

“ಯಾಕ್ರೀ ತೆಗೀಲಿ? ನಾನು ಕಾರೆಲ್ಲಿ ಮಾರ್ದೆ? ಕಾರು ಕೊಟ್ಟು ನಮ್ಮತ್ತೆಗೆ ರೂಮು ತಗೊಂಡೆ. ಗಾಜಿನ ಬಾಗಿಲು, ಬೀದಿಗೆ ಮುಖ, ಮೆಟ್ಟಿಲೇ ಇಲ್ಲ. ಅರ್ಧ ಕಾರಿಗೆ ಇಂಥ ರೂಮು ಊರಲ್ಲಿ ಎಲ್ಲಾದ್ರೂ ಸಿಗುತ್ತೇನ್ರೀ? ಈ ವ್ಯಾಪಾರದಲ್ಲೂ ಲಾಭ ನನ್ನದೇ. ನಷ್ಟ ಅಂತ ಆಗಿದ್ರೆ ಅದು ನಿಮಗೆ. ಏಳಿ ಮೇಲೆ, ಆ ಕುರ್ಚಿ ಇನ್ಮೇಲೆ ಅತ್ತೆ ಕಾಲಿಗೆ ಬೇಕು.”