ಮೇಸ್ತ್ರಿಯ ಐದು ಸಹಿಗಳು

ಊರಿನ ಅರ್ಧ ಜನರನ್ನು ದಿನವೂ ಆಕಾಶಕ್ಕೇರಿಸಿ ಇಳಿಸುವ ಹೊಣೆ ಹೊತ್ತ ಮಹಾಪುರುಷ ನಮ್ಮ ಲಿಫ್ಟ್ ಮೇಸ್ತ್ರಿ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ರಿಪೇರಿಗಲ್ಲದೆ ತಾನಾಗಿ ಒಮ್ಮೆಯೂ ಲಿಫ್ಟ್ ಹತ್ತಿದವನಲ್ಲ. ಹಗ್ಗ ಹೇಗೆ ಸವೆಯುತ್ತದೆ, ಬ್ರೇಕು ಹೇಗೆ ಜಾರುತ್ತದೆ ಎಂಬುದನ್ನು ಕಣ್ಣಾರೆ ಕಂಡವನಿಗೆ ಆ ಪೆಟ್ಟಿಗೆಯೆಂದರೆ ಯಮನ ಪಲ್ಲಕ್ಕಿ.

ಅದಕ್ಕೇ ಅವನು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಸಂಸಾರ ಹೂಡಿದ್ದ. ಹೆಂಡತಿಯ ಮಂಡಿಗಳು ಮುಷ್ಕರ ಹೂಡಿದವು. ಅವಳು ಬೀದಿಗಿಳಿದು ಎರಡು ತಿಂಗಳಾಗಿತ್ತು. ತರಕಾರಿಯವನ ಜೊತೆ ಚೌಕಾಸಿಯೂ ಕಿಟಕಿಯಿಂದಲೇ. ನೆಲಮಹಡಿಗಳನ್ನೆಲ್ಲ ಅಂಗಡಿಗಳು ನುಂಗಿದ್ದರಿಂದ ಲಿಫ್ಟಿರುವ ಮನೆಯೇ ಗತಿಯಾಯಿತು.

ಮನೆ ನೋಡಲು ಹೋದರೆ ಮೇಸ್ತ್ರಿ ಗಾಳಿ, ಬೆಳಕು, ನೀರು ಒಂದನ್ನೂ ವಿಚಾರಿಸುತ್ತಿರಲಿಲ್ಲ. ಲಿಫ್ಟಿನೊಳಗೆ ತೂಗುವ ತಪಾಸಣೆ ಕಾರ್ಡಿನಲ್ಲಿ ತಿಂಗಳು ತಿಂಗಳು ಯಾರ ಸಹಿಯಿದೆ ಎಂದು ನೋಡುವುದು, ಮುಖ ಹಿಂಡಿ ಹಿಂತಿರುಗುವುದು. ಸಹಿ ಹಾಕಿದವರಲ್ಲಿ ಒಬ್ಬ ಕುಡುಕನಂತೆ, ಇನ್ನೊಬ್ಬನಿಗೆ ಕಣ್ಣೇ ಕಾಣದಂತೆ. ಹೀಗೆ ಹನ್ನೊಂದು ಮನೆಗಳು ಕೈಬಿಟ್ಟುಹೋದವು. ಹನ್ನೆರಡನೆಯದಕ್ಕೆ ಹೆಂಡತಿ ತಾನೇ ಅವನನ್ನು ಎಳೆದುಕೊಂಡು ಹೊರಟಳು. ಮೆಟ್ಟಿಲಿಗೊಮ್ಮೆ ಅವನ ವಂಶವನ್ನು ಹರಸುತ್ತ ಇಳಿದಳು.

ಮನೆ ಆರನೇ ಮಹಡಿಯಲ್ಲಿತ್ತು. ಅವಳು ಲಿಫ್ಟಿನೊಳಗೆ ನಿಂತು ಕಾರ್ಡು ಓದಿದಳು.

"ರೀ, ಇಲ್ನೋಡಿ. ಎಲ್ಲಾ ನಿಮ್ದೇ ಸಹಿ. ಈಗ ಯಾರನ್ನ ಬೈತೀರಾ ಬೈರಿ."

ಮೇಸ್ತ್ರಿ ಹೊರಗಿನಿಂದಲೇ ಕತ್ತು ಚಾಚಿದ. ಕೊನೆಯ ಐದು ಸಹಿಗಳಿಗೂ ಒಂದೇ ಶಾಯಿ, ಒಂದೇ ಓರೆ. ಹೋದ ವಾರ ಕಾವಲುಗಾರನಿಂದ ಕಾರ್ಡು ತರಿಸಿಕೊಂಡು, ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ, ಲೋಟ ಆರುವುದರೊಳಗೆ ಐದು ತಿಂಗಳ ತಪಾಸಣೆ ಮುಗಿಸಿದ್ದ.

"ಮೆಟ್ಟಿಲಲ್ಲಿ ಹೋಗೋಣ ಕಣೇ," ಎಂದ.

"ಹೊತ್ಕೊಂಡ್ ಹೋಗ್ತೀರಾ?" ಎಂದು ಅವಳು ಗುಂಡಿ ಒತ್ತಿಯೇ ಬಿಟ್ಟಳು. ನಿಜ ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು.

ಅಂದು ಮೇಸ್ತ್ರಿ ಮೆಟ್ಟಿಲು ಹತ್ತಿದ ಶೌರ್ಯವನ್ನು ಬಣ್ಣಿಸಲು ಸಾವಿರ ನಾಲಿಗೆಯೂ ಸಾಲದು. ಎರಡನೇ ಮಹಡಿಯಲ್ಲಿ ಗೋಡೆಯ ಹಿಂದೆ ಕಟಕ್ಕೆಂದಿತು. ಅವನ ಚಪ್ಪಲಿಯೊಂದು ಅಲ್ಲೇ ಉಳಿಯಿತು. ನಾಲ್ಕರಲ್ಲಿ ಸದ್ದೇ ಇಲ್ಲ. ಗೋಡೆಗೆ ಕಿವಿಯಿಟ್ಟ. ಇಪ್ಪತ್ತೆರಡು ವರ್ಷ ಕಾದು ಲಿಫ್ಟು ತನ್ನ ಬದಲು ಅವಳನ್ನು ಹಿಡಿಯಿತೇ? ಮತ್ತೆ ಹಗ್ಗ ಗೊರಗೊರ ಎಳೆಯಿತು. ಅವನು ನಾಲ್ಕು ಕಾಲಿನಲ್ಲಿ ಆರನೇ ಮಹಡಿ ತಲುಪಿದ.

ಅವಳು ಆಗಲೇ ಅಡುಗೆಮನೆಯ ನಲ್ಲಿ ತಿರುಗಿಸುತ್ತಿದ್ದಳು. ಮನೆ ಒಪ್ಪಿದೆ ಎಂದೂ ಮನೆಯೊಡತಿಗೆ ಹೇಳಿಯಾಗಿತ್ತು.

"ಆ ಸಹಿ ಸುಳ್ಳು," ಎಂದು ಮೇಸ್ತ್ರಿ ಏದುಸಿರಿನಲ್ಲಿ ಹೇಳಿದ. "ಐದು ತಿಂಗಳಿಂದ ನಾನು ಮೇಲೆ ಹತ್ತೇ ಇಲ್ಲ."

ಅವಳು ನಲ್ಲಿ ನಿಲ್ಲಿಸಿದಳು. ಬಂದ ದಾರಿಯಲ್ಲಿ ಇಳಿಯುವಂತಿಲ್ಲ, ಮೆಟ್ಟಿಲಿಗೆ ಮಂಡಿಯಿಲ್ಲ.

"ಹಾಗಾದ್ರೆ ಈಗ ಹತ್ತಿ," ಎಂದಳು ಕೊನೆಗೆ. "ನಾನಿಲ್ಲೇ ಕೂತಿರ್ತೀನಿ."

ಮೇಲಿನ ಯಂತ್ರದ ಕೋಣೆಯಲ್ಲಿ ಬ್ರೇಕಿನ ಪಟ್ಟಿ ಉಗುರಿನಷ್ಟು ತೆಳ್ಳಗಾಗಿತ್ತು. ಅದನ್ನು ಕಂಡು ಮೇಸ್ತ್ರಿ ಮೊದಲು ಲಿಫ್ಟಿನ ಕರೆಂಟು ತೆಗೆದ. ಹೊಸದನ್ನು ತಂದು ಕೂರಿಸಿ, ಖಾಲಿ ಲಿಫ್ಟನ್ನು ಹತ್ತು ಸಲ ಓಡಿಸಿ ಆರನೇ ಮಹಡಿಗಿಳಿದಾಗ ಸಂಜೆಯಾಗಿತ್ತು.

ಹೆಂಡತಿ ಲಿಫ್ಟಿನೊಳಗೆ ನಿಂತು, ಬಾಗಿಲಿಗೆ ಕಾಲು ಅಡ್ಡವಿಟ್ಟು, ಪಕ್ಕದ ಜಾಗ ತೋರಿಸಿದಳು. ಮೇಸ್ತ್ರಿ ಕಣ್ಣು ಮುಚ್ಚಿ, ಅವಳ ಸೆರಗಿನ ತುದಿ ಹಿಡಿದು, ಆರು ಮಹಡಿ ಇಳಿದ. ನೆಲ ಮುಟ್ಟಿದ ಮೇಲೆ ಅವಳು ಕಾರ್ಡು ಬಿಚ್ಚಿ ಅವನ ಕೈಗಿತ್ತಳು. ಅವನು ಐದೂ ಸಹಿಗಳನ್ನು ಹೊಡೆದುಹಾಕಿದ. ಆರನೆಯದನ್ನು ಬರೆಯುವಾಗ ಕೈ ಎಷ್ಟು ನಡುಗಿತೆಂದರೆ, ಅದು ಅವನ ಸಹಿಯಂತೆ ಕಾಣಲೇ ಇಲ್ಲ.